ಮೆಟ್ಟಬಾರದ ಪೆಡಲು

ಕೆಟ್ಟದ್ದನ್ನು ಸರಿ ಮಾಡಲು ಹೆಣಗುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸರಿಯಾಗಿಯೇ ಇರುವುದನ್ನು ಕೆಡಿಸಬೇಕೆಂದು ಬೊಂಬಾಯಿಯಿಂದ ಸಾಮಾನು ತರಿಸಿ, ಹೊತ್ತಿಗೆ ಸರಿಯಾಗಿ ಉಣ್ಣದೆ ಒಂದು ಮಳೆಗಾಲವಿಡೀ ಕೂತವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಅವರಿಗೆ ಅನ್ನ ಬಡಿಸಿದ್ದೇನೆ! ಅವರು ನಮ್ಮ ಭಾವ, ಎಂದರೆ ನನ್ನ ಯಜಮಾನರ ಅಣ್ಣ.

ಹೆಸರು ಕೇಳಬೇಡಿ. ಗಂಡನ ಅಣ್ಣನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರೆದುರು ನಿಂತು ನಗುವ ಪದ್ಧತಿ ಮೊದಲೇ ಇಲ್ಲ. ಹಾಗಾಗಿ ಇಷ್ಟು ವರ್ಷ ಸೆರಗನ್ನು ಬಾಯಿಗೆ ಒತ್ತಿಕೊಂಡು ನುಂಗಿದ ನಗೆಯೆಲ್ಲ ನನ್ನ ಹೊಟ್ಟೆಯಲ್ಲೇ ಉಳಿದುಬಿಟ್ಟಿದೆ. ಆದರೆ ಭಾವನ ಬಗ್ಗೆ ಬರೆಯಬಾರದೆಂದು ಯಾವ ಶಾಸ್ತ್ರದಲ್ಲೂ ಹೇಳಿದ ಹಾಗಿಲ್ಲ. ಶಾಸ್ತ್ರ ಬರೆದವರಿಗೆ ನಮ್ಮ ಭಾವನ ಪರಿಚಯವಿರಲಿಲ್ಲ, ಇದ್ದಿದ್ದರೆ ಬರೆಯಲೇಬೇಕೆಂದು ಹೇಳುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ನಮ್ಮ ಮಾವನವರು ಭಾಗಮಂಡಲದ ಕಡೆಯಿಂದ ಬಂದು ಬಿಟ್ಟಂಗಾಲದ ಹತ್ತಿರ ಕಾಫಿ ತೋಟ ಮಾಡಿದವರು. ಅವರು ತೀರಿಕೊಂಡ ಮೇಲೆ ತೋಟ ನೋಡುತ್ತಿದ್ದದ್ದು ನನ್ನ ಯಜಮಾನರು, ಮನೆ ನೋಡುತ್ತಿದ್ದದ್ದು ಅತ್ತೆ. ಹಾಗಾದರೆ ಹಿರಿಯ ಮಗ ಏನು ನೋಡುತ್ತಿದ್ದರು? ಜಗಲಿಯಲ್ಲಿ ಕೂತು ನಮ್ಮೆಲ್ಲರ ತಪ್ಪು ನೋಡುತ್ತಿದ್ದರು. ಮದುವೆಯಾಗಿರಲಿಲ್ಲ. ಮಿಲಿಟರಿಯಲ್ಲಿ ವೈರ್‌ಲೆಸ್ಸಿನ ಕೆಲಸದಲ್ಲಿದ್ದು ನಿವೃತ್ತರಾದವರು. ಆ ಸೆಟ್ಟನ್ನು ಬೆನ್ನ ಮೇಲೆ ಹೊತ್ತು ಬೆಟ್ಟಗಳನ್ನೆಲ್ಲ ಹತ್ತಿಳಿದವರೇ ಹೊರತು ಬಿಚ್ಚಿ ನೋಡಿದವರಲ್ಲ. ಬಿಚ್ಚಿದರೆ ಕೋರ್ಟ್ ಮಾರ್ಷಲ್ ಅಂತೆ. ಅಲ್ಲಿ ಬಿಚ್ಚಲಾಗದ ಸಂಕಟವನ್ನೆಲ್ಲ ನಮ್ಮ ಮನೆಯಲ್ಲಿ ತೀರಿಸಿಕೊಂಡರು. ಗೋಡೆ ಗಡಿಯಾರ, ನನ್ನ ಹೊಲಿಗೆ ಯಂತ್ರ, ಜೀಪಿನ ಹಾರನ್ನು, ಎಲ್ಲವೂ ಒಂದೊಂದು ಸಲ ಅವರ ಟವೆಲಿನ ಮೇಲೆ ಮಲಗಿ ಎದ್ದು ಬಂದಿವೆ. ಗಡಿಯಾರ ಮಾತ್ರ ಏಳಲಿಲ್ಲ.

ಭಾವನಿಗೊಂದು ಗಿಟಾರಿತ್ತು. ಪಕ್ಕದ ತೋಟದ ಇಂಗ್ಲಿಷ್ ದೊರೆ ತೋಟ ಮಾರಿ ಊರಿಗೆ ಹೊರಟಾಗ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ. ಯಜಮಾನರು ಔಷಧಿ ಹೊಡೆಯುವ ಪಂಪು ತರಲೆಂದು ಅಣ್ಣನನ್ನು ಕಳಿಸಿದರು. ಅಣ್ಣ ಕರೆಂಟಿನ ಗಿಟಾರು ಹಿಡಿದುಕೊಂಡು ಬಂದರು.

"ಪಂಪೆಲ್ಲಿ ಅಣ್ಣ?" ಎಂದರು ಯಜಮಾನರು.

"ಪಂಪು ತುಕ್ಕು ಹಿಡಿದಿತ್ತ್. ಇದ್ ನೋಡ್, ಹೊಸತರ ಹಾಂಗೆ ಉಟ್ಟು!" ನಮ್ಮ ಮನೆಮಾತಿನಲ್ಲಿ ಉಟ್ಟು ಎಂದರೆ ಉಂಟು.

ಆ ಗಿಟಾರಿನಿಂದಾಗಿ ಭಾವನಿಗೆ ಪ್ಲಾಂಟರುಗಳ ಕ್ಲಬ್ಬಿನ ಬ್ಯಾಂಡಿನಲ್ಲೊಂದು ಕುರ್ಚಿ ಸಿಕ್ಕಿತು. ಆ ಕ್ಲಬ್ಬಿನ ಬಗ್ಗೆ ಏನು ಹೇಳಲಿ! ಇಂಗ್ಲಿಷಿನವರು ಹೋಗಿ ಇಷ್ಟು ವರ್ಷವಾದರೂ ಅವರ ಕೆಮ್ಮನ್ನು ಕೂಡ ಬಿಡದೆ ಉಳಿಸಿಕೊಂಡವರು ಅಲ್ಲಿನ ಮೆಂಬರುಗಳು. ಮನೆಯಲ್ಲಿ ಹಂದಿ ಸಾರಿಗೆ ಕಡಂಬುಟ್ಟಿನ ಅಕ್ಕಿ ಉಂಡೆ ಅದ್ದಿಕೊಂಡು ತಿಂದವರು ಅಲ್ಲಿ ಹೋಗಿ ಬಿಸ್ಕತ್ತನ್ನು ಚೂರಿಯಲ್ಲಿ ಕೊಯ್ಯುತ್ತಿದ್ದರು. ಆದರೂ ಡ್ಯಾನ್ಸಿನ ದಿನ ಬಿಳಿ ಕೋಟು ತೊಟ್ಟು ಗಿಟಾರು ಹಿಡಿದು ಹೊರಡುವಾಗ ಮಾತ್ರ ನಮ್ಮ ಭಾವ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದರು. ತೋಟ ತಮ್ಮನದಾಗಿತ್ತು, ಮನೆ ತಾಯಿಯದಾಗಿತ್ತು. ಈ ಭೂಮಿಯ ಮೇಲೆ ತನ್ನದು ಅಂತ ಅವರಿಗಿದ್ದದ್ದು ಆ ಕುರ್ಚಿಯೊಂದೇ.

ಅದಕ್ಕೂ ಕಲ್ಲು ಬಿತ್ತು. ಒಂದು ವರ್ಷ ಹಣ್ಣಿನ ಕಾಲದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಸಿಕ್ಕಿದ ಕಲ್ಲೊಂದನ್ನು ತೆಗೆಯುತ್ತೇನೆಂದು ಯಂತ್ರ ನಿಲ್ಲಿಸದೆ ಕೈ ಹಾಕಿದರು. ಕಲ್ಲು ಬಂತು, ಎಡಗೈಯ ಉಂಗುರದ ಬೆರಳು ಜಜ್ಜಿಹೋಯಿತು. ಗಾಯ ಮಾಗಿದರೂ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಗಿಟಾರಿನಲ್ಲಿ ಆ ಬೆರಳಿನ ಸರದಿ ಬಂದಾಗಲೆಲ್ಲ ತಂತಿ ಟೊಕ್ ಎಂದು ಸುಮ್ಮನಾಗಿಬಿಡುತ್ತಿತ್ತು. ಕೇಳಿದರೆ, "ಏನೂ ಆಗಿಲ್ಲೆ, ತಂತಿ ಹಳತಾಗುಟ್ಟು" ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕ್ಲಬ್ಬಿನಲ್ಲೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕೊನೆಗೆ ಬ್ಯಾಂಡ್ ಮಾಸ್ಟರೇ ಒಂದು ದಿನ ನಮ್ಮ ಜಗಲಿಗೆ ಬಂದರು. ಮರ್ಯಾದಸ್ಥ. ಬೆರಳಿನ ಸುದ್ದಿ ಎತ್ತಲಿಲ್ಲ.

"ನೋಡಿ, ಈಗಿನ ಹುಡುಗರಿಗೆ ರೇಡಿಯೋದಲ್ಲಿ ಬರ್ತದಲ್ಲ, ಜುಂಯ್ ಅಂತ ಹರಿದು ಹೋಗೋ ಸೌಂಡು, ಅದೇ ಬೇಕು. ಅದಕ್ಕೊಂದು ಪೆಟ್ಟಿಗೆ ಬರ್ತದಂತೆ, ಕಾಲಲ್ಲಿ ಒತ್ತೋದು, ಪೆಡಲು ಅಂತಾರೆ. ಬೆಂಗಳೂರಿನ ಒಬ್ಬ ಹುಡುಗ ಪೆಟ್ಟಿಗೆ ಸಮೇತ ಬರ್ತೇನೆ ಅಂದಿದ್ದಾನೆ. ಮಳೆ ಬಿಟ್ಟ ಮೇಲಿನ ಮೊದಲ ಡ್ಯಾನ್ಸಿಗೆ ನಿಮ್ಮದೂ ಹಾಗೆ ಕೇಳಿದ್ರೆ ಕುರ್ಚಿ ನಿಮ್ಮದೇ. ಇಲ್ಲದಿದ್ರೆ... ನೀವೇ ಹೇಳಿ."

ಅವರು ಹೋದ ಮೇಲೆ ಭಾವ ಮೂರು ಲೋಟ ಕಾಫಿ ಕುಡಿದರು. ಆಮೇಲೆ ಯಾವುದೋ ಇಂಗ್ಲಿಷ್ ಪತ್ರಿಕೆಯ ಹಿಂದಿನ ಪುಟದಿಂದ ಬೊಂಬಾಯಿ ಅಂಗಡಿಯೊಂದರ ವಿಳಾಸ ಹುಡುಕಿ ತೆಗೆದರು. ಬಿಡಿ ಸಾಮಾನುಗಳನ್ನು ಅವರು ಕಳಿಸುತ್ತಾರೆ, ಜೋಡಿಸಿಕೊಳ್ಳುವ ಕರ್ಮ ನಮ್ಮದು! ಆ ಪೆಟ್ಟಿಗೆ ಕೂಡಿಸಿದರೆ ತಂತಿಯ ಸ್ವರ ಒಡೆದು ಒರಟಾಗುತ್ತದಂತೆ. ಆದರೆ ಒಮ್ಮೆ ಮೀಟಿದರೆ ಬಹಳ ಹೊತ್ತು ನಿಲ್ಲುತ್ತದಂತೆ, ಬೆರಳಿಗೆ ಬಲವಿಲ್ಲದಿದ್ದರೂ ಸಾಯುವುದಿಲ್ಲವಂತೆ. ಕೊನೆಯ ಮಾತನ್ನು ಭಾವ ಬಹಳ ಮೆಲ್ಲಗೆ ಹೇಳಿದರು.

ಪಾರ್ಸಲು ಬಂದಾಗ ಪೋಸ್ಟ್ ಮಾಸ್ಟರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಹುರುಳಿ ಬೀಜವಾ?" ಎಂದರಂತೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಅವರು ಹೇಳಿದ್ದು ತಪ್ಪೇನಲ್ಲ! ಬಣ್ಣಬಣ್ಣದ ಪಟ್ಟೆಯ ಚಿಕ್ಕ ಚಿಕ್ಕ ಕಾಳುಗಳು, ಒಂದೆರಡು ಗುಂಡಿಗಳು, ಮೂರು ಕಾಲಿನ ಎರಡು ಪುಟಾಣಿ ಡಬ್ಬಿಗಳು. ಆ ಮೂರು ಕಾಲಿನವನ ಹೆಸರು ಟ್ರಾನ್ಸಿಸ್ಟರು.

"ಇಡೀ ರೇಡಿಯೋನೇ ಟ್ರಾನ್ಸಿಸ್ಟರ್ ಅಲ್ವಾ ಭಾವ?" ಎಂದೆ.

"ಅದ್ ಊರು. ಇದ್ ಊರಿನ ಪಟೇಲ" ಎಂದರು.

ಅತ್ತೆ ಬಂದು ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದರು. "ಮಣಿ ಲಾಯ್ಕ ಉಟ್ಟು. ತೂತೆಲ್ಲಿ?"

ಬೆಸುಗೆ ಹಾಕಲು ಭಾವನ ಹತ್ತಿರ ಇದ್ದದ್ದು ಪಾತ್ರೆಗೆ ಬೆಸೆಯುವವರ ಹಳೇ ಕೋಲು. ತುದಿಯಲ್ಲಿ ತಾಮ್ರದ ಗಟ್ಟಿ, ಅದನ್ನು ಕೆಂಡದಲ್ಲಿ ಕಾಯಿಸಬೇಕು. ಕೆಂಡ ಎಲ್ಲಿದೆ? ನನ್ನ ಒಲೆಯಲ್ಲಿ! ಒಂದು ಕಡೆ ಅಕ್ಕಿ ರೊಟ್ಟಿ, ಇನ್ನೊಂದು ಕಡೆ ಭಾವನ ಕೋಲು. ರೊಟ್ಟಿ ಸುಡಲು ಕೆಂಡ ಎಳೆದರೆ ಕೋಲು ತಣಿಯಿತೆಂದು ಅವರಿಗೆ ಸಿಟ್ಟು, ಕೋಲು ಕಾಯಲೆಂದು ಬಿಟ್ಟರೆ ರೊಟ್ಟಿ ಕರಕಲು. ಬೆಸುಗೆಗೆ ಹಚ್ಚುವ ರಾಳದ ಹೊಗೆ ಮನೆಯೆಲ್ಲ ತುಂಬಿ, ಯಾರೋ ದೇವರಿಗೆ ಧೂಪ ಹಾಕಿದರೆಂದು ಅತ್ತೆ ನಡುಮನೆಯಲ್ಲಿ ಕೈಮುಗಿದು ನಿಂತಿದ್ದರು.

ಟ್ರಾನ್ಸಿಸ್ಟರಿಗೆ ಬಿಸಿ ತಾಗಬಾರದು, ಬೆಸೆಯುವಾಗ ಅದರ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಬೇಕು ಎಂದು ಜೊತೆಯ ಕಾಗದದಲ್ಲಿ ದಪ್ಪ ಅಕ್ಷರದಲ್ಲೇ ಬರೆದಿತ್ತು. ಯಜಮಾನರು ಓದಿ ಹೇಳಿದರು. ಭಾವನ ಉತ್ತರ ಏನು ಗೊತ್ತೇ? "ಹಿಮದಲ್ಲಿ ನಿಂತಾಗ ನನ್ನ ಕಾಲು ಯಾರು ಹಿಡಿದದ್ದ್? ಇದಕ್ಕೆಂಥ ಉಪಚಾರ?" ಎಂದವರೇ ಕೆಂಪಗೆ ಕಾದ ಕೋಲನ್ನು ಒತ್ತಿಯೇಬಿಟ್ಟರು. ಇಬ್ಬರು ಪಟೇಲರಲ್ಲಿ ಒಬ್ಬರು ಅಲ್ಲೇ ಶಿವನ ಪಾದ ಸೇರಿದರು! ಬೊಂಬಾಯಿಗೆ ಮತ್ತೆ ಕಾಗದ ಹೋಗಿ ಹೊಸ ಪಟೇಲ ಬರುವವರೆಗೆ ಭಾವ ನಮ್ಮೊಡನೆ ಮಾತಾಡಲಿಲ್ಲ, ಓದಿ ಹೇಳಿದ್ದು ನಮ್ಮ ತಪ್ಪೆನ್ನುವ ಹಾಗೆ. ಎರಡನೆಯ ಸಲ, ಮುಳ್ಳು ಕೀಳುವ ಚಿಮಟದಲ್ಲಿ ಕಾಲು ಹಿಡಿದುಕೊಂಡು ಕೂತವಳು ನಾನು. ರಾಮ ರಾಮಾ, ಹೆರಿಗೆ ಮನೆಯಲ್ಲೂ ನಾನಷ್ಟು ಉಸಿರು ಬಿಗಿಹಿಡಿದಿರಲಿಲ್ಲ.

ಅಂತೂ ಒಂದು ಮಧ್ಯಾಹ್ನ ಎಲ್ಲವೂ ಬಿಸ್ಕತ್ತಿನ ಡಬ್ಬದೊಳಗೆ ಸೇರಿತು. ಮುಚ್ಚಳದ ಮೇಲೊಂದು ಗುಂಡಿ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಗಿಟಾರಿನ ವೈರು ಡಬ್ಬಕ್ಕೆ, ಡಬ್ಬದ ವೈರು ಮನೆಯ ದೊಡ್ಡ ರೇಡಿಯೋಕ್ಕೆ. ಭಾವ ಬೂಟು ಕಾಲಲ್ಲಿ ಗುಂಡಿ ಒತ್ತಿ ತಂತಿ ಮೀಟಿದರು.

ಆ ಸದ್ದನ್ನು ಹೇಗೆ ಹೇಳಲಿ? ಗೂಡು ಕೆದಕಿದ ಹೆಜ್ಜೇನಿನ ಹಾಗೆ ಮನೆಯೆಲ್ಲ ಮೊರೆಯಿತು. ಕೊಟ್ಟಿಗೆಯಲ್ಲಿ ಹಸು ಹಗ್ಗ ಜಗ್ಗಿತು, ಕೋಳಿಗಳು ಅಟ್ಟಕ್ಕೆ ಹಾರಿದವು. ಕೂಲಿಮನೆಗಳ ಲೈನಿನಲ್ಲಿದ್ದ ಆಳುಗಳು, "ತೇನೀ, ತೇನೀ!" ಎಂದು ಜೇನಿಗೆ ಹೆದರಿ ತಲೆಗೆ ಗೋಣಿ ಹೊದ್ದು ಕೂತರು. ತೋಟದ ಲೆಕ್ಕ ಬರೆಯುವ ರೈಟರು ಏದುಸಿರು ಬಿಡುತ್ತಾ ಅಂಗಳಕ್ಕೆ ಓಡಿ ಬಂದ.

"ಅಯ್ಯಾ, ಪಲ್ಪರಿಗೆ ಕಲ್ಲು ಸಿಕ್ಕಿದೆ, ನಿಲ್ಸಿ, ನಿಲ್ಸಿ!" ಎಂದು ಕೂಗಿ, ಮತ್ತೆ ಏನೋ ನೆನಪಾದವನಂತೆ ನಿಂತ. "ಅಲ್ಲ... ಈಗ ಯಾವ ಹಣ್ಣು? ಕಾಯಿ ಇನ್ನೂ ಹಸುರೇ ಇದೆಯಲ್ಲ!"

ಭಾವ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಅರೆ ಮಡಚಿದ ಬೆರಳನ್ನು ತಂತಿಯ ಮೇಲಿಟ್ಟು ಮೀಟಿದ್ದರು. ಸ್ವರ ಟೊಕ್ ಎನ್ನಲಿಲ್ಲ. ನಿಂತಿತು, ನಿಂತೇ ಇತ್ತು. ಭಾವನ ಮುಖ ನೋಡಬೇಕಿತ್ತು ನೀವು! ಪರೀಕ್ಷೆ ಪಾಸಾದ ಮಗುವಿನ ಮುಖ ಅದು. ಆ ಸಂತೋಷದಲ್ಲಿ ಇನ್ನೊಮ್ಮೆ ಮಿಲಿಟರಿ ಬೂಟನ್ನು ಎತ್ತಿ ದಡ್ಡೆಂದು ಗುಂಡಿ ಮೆಟ್ಟಿದರು. ಬಿಸ್ಕತ್ತಿನ ಡಬ್ಬ ಅಪ್ಪಚ್ಚಿಯಾಯಿತು.

ಒಳಗಿನ ಸಾಮಾನು ಪುಣ್ಯಕ್ಕೆ ಉಳಿದಿತ್ತು. ಈಗ ಗಟ್ಟಿ ಡಬ್ಬ ಬೇಕು. ಮರುದಿನ ಬೆಳಿಗ್ಗೆ ಅತ್ತೆ ಎಲೆ ಅಡಿಕೆ ಹಾಕಲು ಕೂತರೆ ವೀಳ್ಯದೆಲೆಯೆಲ್ಲ ನುಜ್ಜುಗುಜ್ಜಾದ ಬಿಸ್ಕತ್ತಿನ ಡಬ್ಬದಲ್ಲಿ! ಅವರ ತವರಿನ ಹಿತ್ತಾಳೆಯ ಎಲೆಪೆಟ್ಟಿಗೆ ಭಾವನ ಟವೆಲಿನ ಮೇಲೆ, ಮುಚ್ಚಳಕ್ಕೆ ತೂತು ಬಿದ್ದು ಕೂತಿತ್ತು.

"ಎಂಥ ಮಾಡ್ದೆ ನೀ? ನನ್ನ ಅವ್ವ ಕೊಟ್ಟದ್ದ್ ಅದ್! ಕಳ್ಳ!" ಅತ್ತೆಯ ಗಂಟಲು ಲೈನಿನವರೆಗೂ ಕೇಳಿಸಿತು.

ಭಾವ ತಲೆ ತಗ್ಗಿಸಿಕೊಂಡೇ ಹೇಳಿದರು. "ಅವ್ವ, ಇದ್ ಕೆಲಸದ ಸಾಮಾನು. ಇದಿಲ್ಲದಿದ್ದರೆ ನಂಗೆ ಆ ಕುರ್ಚಿ ಇಲ್ಲೆ."

ಅತ್ತೆ ಬಿಸ್ಕತ್ತಿನ ಡಬ್ಬದಿಂದಲೇ ಎಲೆ ತೆಗೆದು ಸುಣ್ಣ ಹಚ್ಚಿದರು. ಅಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ.

ಅದೇ ವಾರ ಕೈಲ್ ಮುಹೂರ್ತ ಬಂತು. ಕೊಡಗಿನವರಿಗೆ ಹೇಳಬೇಕಾದ್ದಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೇಗಿಲುಗಳನ್ನೆಲ್ಲ ತೊಳೆದು ದೀಪದ ಕೆಳಗಿಟ್ಟು ಪೂಜೆ ಮಾಡುವ ಹಬ್ಬ ಅದು. ಕೆಲಸ ಮಾಡಿ ಅನ್ನ ಕೊಟ್ಟ ಆಯುಧಗಳಿಗೆ ಕೃತಜ್ಞತೆ ಹೇಳುವ ದಿನ. ಬೆಳಿಗ್ಗೆ ಎದ್ದು ಬಂದು ನೋಡಿದರೆ ಎರಡು ಕೋವಿಗಳ ನಡುವೆ, ಗಂಧದ ಬೊಟ್ಟು ಇಟ್ಟುಕೊಂಡು, ನೆತ್ತಿಯ ಗುಂಡಿಯ ಮೇಲೆ, ಕೋವಿಯ ಮೂತಿಗೆ ಸಿಕ್ಕಿಸುವ ಕೋವಿ ಹೂವು ಮುಡಿದುಕೊಂಡು ಭಾವನ ಪೆಡಲು ವಿರಾಜಮಾನವಾಗಿದೆ! ಅತ್ತೆಯೇ ಇಟ್ಟದ್ದು. ಮಗ ಕೆಲಸದ ಸಾಮಾನು ಎಂದಿದ್ದನಲ್ಲ, ಕೆಲಸದ ಸಾಮಾನೆಂದ ಮೇಲೆ ಅದೂ ಆಯುಧವೇ. ಮಗನ ಕುರ್ಚಿ ಉಳಿಯಲಿ ಎಂದು ದೀಪಕ್ಕೆ ಒಂದು ಹನಿ ಎಣ್ಣೆ ಜಾಸ್ತಿಯೇ ಹಾಕಿದ್ದರು.

ಭಾವನ ಮುಖ ಅರಳಿತು. ಕೈಮುಗಿದರು, ನಮಸ್ಕಾರ ಮಾಡಿದರು, ಕಡಂಬುಟ್ಟು ಹೊಡೆದರು. ಮಧ್ಯಾಹ್ನ ಪೆಡಲನ್ನು ತಂದು ನೆಲದ ಮೇಲಿಟ್ಟು ಕಾಲೆತ್ತಿದರು ನೋಡಿ, ಅತ್ತೆ ಅಡಿಗೆಮನೆಯಿಂದ ಓಡಿ ಬಂದರು.

"ಹೂವು ಹಾಕಿದ್ದಕ್ಕೆ ಕಾಲಾ! ಮೆಟ್ಟಿಕೆ ಆಕಿಲ್ಲೆ!"

ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಯಜಮಾನರು ಅಣ್ಣನ ಪರ ವಕೀಲರಾದರು.

"ಅವ್ವ, ಜೀಪಿಗೂ ಪೂಜೆ ಮಾಡಿಲ್ವಾ? ಅದರ ಕ್ಲಚ್ಚು, ಬ್ರೇಕು ಎಲ್ಲ ನಾವು ದಿನಾ ಮೆಟ್ಟುದಿಲ್ವಾ?"

"ಜೀಪಿಗೆ ಹೂವು ಹಾಕಿದ್ದ್ ಮೂತಿಗೆ. ಬ್ರೇಕಿಗೆ ಯಾರು ಹಾಕಿದ್ದ್?"

ವಕೀಲರು ಕೂತುಬಿಟ್ಟರು. ಹಬ್ಬದ ಊಟಕ್ಕೆ ಬಂದಿದ್ದ ರೈಟರು ಮೆಲ್ಲನೆ, "ಒಳಗಿನ ಸಾಮಾನು ತೆಗೆದು ಬೇರೆ ಡಬ್ಬಕ್ಕೆ ಹಾಕಿದ್ರೆ ಆಗ್ತದಲ್ಲಮ್ಮಾ" ಎಂದ.

"ಮನೆ ಬದಲು ಮಾಡಿದ್ರೆ ದೇವರು ಬದಲಾದಾ?" ಎಂದರು ಅತ್ತೆ. ರೈಟರು ಎರಡನೇ ಸಲ ಸಾರು ಬಡಿಸಿಕೊಂಡ.

ಕೋಲಿನಿಂದ ಒತ್ತಿದರೆ? ಪೂಜೆಯ ವಸ್ತುವಿಗೆ ಕೋಲಿನ ಪೆಟ್ಟೇ? ಕಾಲು ತೊಳೆದು ಬರಿಗಾಲಲ್ಲಿ? ತೊಳೆದರೂ ಕಾಲು ಕಾಲೇ. ಕೈಯಲ್ಲಿ ಒತ್ತಿ ಎನ್ನುತ್ತೀರಾ? ಗಿಟಾರಿಗೆ ಎರಡು ಕೈ ಬೇಕು, ಭಾವನಿಗೆ ಇರುವುದೂ ಎರಡೇ! ನೀವು ಹೇಳಬಹುದು, ಅತ್ತೆಯ ಕಣ್ಣು ತಪ್ಪಿಸಿ ಮೆಟ್ಟಿದರಾಯಿತಲ್ಲ ಎಂದು. ಅದನ್ನೂ ನೋಡಿದೆ. ಅತ್ತೆ ತೋಟದ ಕಡೆ ಹೋಗಿದ್ದಾಗ ಭಾವ ಒಬ್ಬರೇ ಪೆಡಲಿನ ಮುಂದೆ ನಿಂತಿದ್ದರು. ದೇವರು ದಿಂಡಿರು ಎಂದರೆ ಮೂಗು ಮುರಿಯುವವರು, ಹಿಮದ ಬೆಟ್ಟದಲ್ಲಿ ಯುದ್ಧ ನೋಡಿ ಬಂದವರು. ಕಾಲು ಮೇಲೆತ್ತಿದರು. ಎತ್ತಿದ ಕಾಲು ಗಾಳಿಯಲ್ಲೇ ಉಳಿಯಿತು. ಆಮೇಲೆ ಅದನ್ನು ಹಿಂದಕ್ಕೆ ಇಟ್ಟು, ಬಾಗಿ, ಪೆಡಲನ್ನು ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಸದ್ದಿಲ್ಲದೆ ಹಿಂದೆ ಸರಿದೆ.

ಡ್ಯಾನ್ಸು ಬಂದೇ ಬಂತು. ಭಾವ ಬಿಳಿ ಕೋಟು ಹಾಕಿಕೊಂಡರು, ಆದರೆ ಬೆನ್ನು ನೆಟ್ಟಗಿರಲಿಲ್ಲ. ಗಿಟಾರನ್ನು ಜೀಪಿಗೆ ಇಡುತ್ತಾ, "ಹೋಗಿ ಮಾಸ್ಟರಿಗೆ ಹೇಳಿ ಬರ್ತೆ, ಆ ಹುಡುಗನೇ ಕೂರಲಿ ಅಂತ" ಎಂದರು. ಯಜಮಾನರು ಚಕ್ರಕ್ಕೆ ಗಾಳಿ ಇದೆಯೇ ಎಂದು ಒದ್ದು ನೋಡುತ್ತಿದ್ದರು. ಆಗ ಒಳಗಿನಿಂದ ಅತ್ತೆ ಬಂದರು. ನೆರಿಗೆ ಹಿಂದಕ್ಕೆ ಕಟ್ಟಿದ ರೇಷ್ಮೆ ಸೀರೆ, ತಲೆಗೆ ವಸ್ತ್ರ, ಕಂಕುಳಲ್ಲಿ ಹಿತ್ತಾಳೆಯ ಪೆಡಲು, ಇನ್ನೊಂದು ಕೈಯಲ್ಲಿ ಅಡಿಗೆಮನೆಯ ಮುಕ್ಕಾಲಿ.

"ನೀನೆಲ್ಲಿಗೆ ಅವ್ವ?"

"ನಿಂಗೆ ಎರಡು ಕೈ ಸಾಲದಲ್ಲ? ನನ್ನ ಹತ್ತಿರ ಎರಡು ಉಟ್ಟು. ನಡಿ."

ನಾನೂ ಜೀಪು ಹತ್ತಿದೆ. ಕ್ಲಬ್ಬಿನ ಬಾಗಿಲಲ್ಲಿ ಸೆಕ್ರೆಟರಿ ತಡೆದರು. ಅತ್ತೆಯ ಬರಿಗಾಲನ್ನೇ ನೋಡುತ್ತಾ ಮೊದಲು ಅವರದೊಂದು ಇಂಗ್ಲಿಷ್ ಕೆಮ್ಮು ಕೆಮ್ಮಿ, "ಸಾರಿ ಮೇಡಂ, ಬೂಟಿಲ್ಲದೆ ಹಾಲಿಗೆ ಬಿಡೋ ಹಾಗಿಲ್ಲ. ಕ್ಲಬ್ಬಿನ ರೂಲು" ಎಂದರು.

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಂಥ ರೂಲು ಮಾರಾಯ? ನಿನ್ನ ಅವ್ವ ಯಾವ ಬೂಟು ಹಾಕಿ ನಿನ್ನ ಹೆತ್ತದ್ದ್?"

ಸೆಕ್ರೆಟರಿ ಪಕ್ಕಕ್ಕೆ ಸರಿದರು. ಆ ಕ್ಲಬ್ಬು ಕಟ್ಟಿದಂದಿನಿಂದ ಆ ರೂಲು ಮುರಿದದ್ದು ಅದೇ ಮೊದಲಿರಬೇಕು!

ಹೀಗೆ ನಮ್ಮ ಅತ್ತೆ ಬ್ಯಾಂಡಿನ ನಡುವೆ, ಮಗನ ಕುರ್ಚಿಯ ಪಕ್ಕ ಮುಕ್ಕಾಲಿ ಹಾಕಿ, ಪೆಡಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಎದುರಿಗೆ ಬೆಂಗಳೂರಿನ ಹುಡುಗ ತನ್ನ ಪೆಟ್ಟಿಗೆ ಕಾಲ ಬುಡದಲ್ಲಿಟ್ಟುಕೊಂಡು, ಯಾವಾಗ ಕರೆಯುತ್ತಾರೋ ಎಂದು ಕಾದಿದ್ದ. ಬ್ಯಾಂಡ್ ಮಾಸ್ಟರು ಕಣ್ಣರಳಿಸಿ ನೋಡಿದರು. ಜೋಡಿಗಳು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದವು. ನನಗೋ, ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನಿಸಿತು.

ಹಾಡು ಶುರುವಾಯಿತು. ಭಾವನಿಗೆ ಆ ಬೆರಳು ಬೇಕಾದ ಜಾಗ ಬಂತು, ಅತ್ತೆಯ ಹೆಬ್ಬೆರಳು ಗುಂಡಿ ಒತ್ತಿತು. ಜುಂಯ್ ಎಂದು ಸ್ವರ ಎದ್ದು ಸಭೆಯ ಮೇಲೆ ನಿಂತಿತು. ನಗುತ್ತಿದ್ದವರು ತಿರುಗಿದರು. ಆ ಜಾಗ ದಾಟುತ್ತಲೇ ಮತ್ತೆ ಒತ್ತಿದರು, ಸ್ವರ ತಿಳಿಯಾಯಿತು. ಇನ್ನೊಂದು ಸಾಲು, ಮತ್ತೆ ಆ ಬೆರಳು, ಮತ್ತೆ ಹೆಬ್ಬೆರಳು. ಒಂದು ಸಲವೂ ತಪ್ಪಲಿಲ್ಲ. ನಾಲ್ಕನೆಯ ಹಾಡಿಗೆ ಹುಡುಗ ಹುಡುಗಿಯರು ಕುಣಿಯುವುದನ್ನು ಬಿಟ್ಟು ವೇದಿಕೆಯ ಸುತ್ತ ಸೇರಿ ಚಪ್ಪಾಳೆ ತಟ್ಟುತ್ತಿದ್ದರು. ಬೆಂಗಳೂರಿನ ಹುಡುಗ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ, ಪಾಪ, ಒಳ್ಳೆಯವನು.

ಮುಗಿದ ಮೇಲೆ ಬ್ಯಾಂಡ್ ಮಾಸ್ಟರು ಭಾವನ ಕೈ ಕುಲುಕಿ, "ಮುಂದಿನ ಡ್ಯಾನ್ಸಿಗೂ ನೀವೇ" ಎಂದರು. ಅತ್ತೆಯ ಕಡೆ ತಿರುಗಿ, "ಇವರೂ ಬರಬೇಕು" ಎಂದು ತಲೆ ಬಾಗಿದರು. ಭಾವ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಜೀಪಿನ ಕಡೆ ನಡೆದರು.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಅತ್ತೆಗೆ ಕಾಫಿ ಕೊಟ್ಟು ನಾನು ಕೇಳಿಯೇಬಿಟ್ಟೆ. "ಅತ್ತೆ, ನಿಮಗೆ ಆ ಹಾಡು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಭಾವ ಸನ್ನೆ ಮಾಡ್ತಿದ್ರಾ? ಅಷ್ಟು ಸರಿಯಾಗಿ ಹೇಗೆ ಒತ್ತಿದ್ರಿ?"

"ಎಂಥ ಸನ್ನೆ? ಅವ ನನ್ನ ಕಡೆ ನೋಡಲೇ ಇಲ್ಲೆ. ನಾ ಅವನ ಬೆರಳು ನೋಡ್ತಿದ್ದೆ. ನೋವು ಬರುವಾಗ ಅದು ನಡುಗ್ತದೆ. ನಡುಗಿದಾಗ ಒತ್ತಿದೆ, ನಿಂತಾಗ ಮತ್ತೆ ಒತ್ತಿದೆ."

ನೋವು? ನಾವೆಲ್ಲ ಬೆರಳು ಮಡಚುವುದಿಲ್ಲ, ಅಷ್ಟೇ ಎಂದುಕೊಂಡಿದ್ದೆವು. ಗಾಯ ಮಾಗಿ ಎಷ್ಟು ವರ್ಷವಾಗಿತ್ತು! ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಉಂಡವರು ನಾವು. "ಈಗಲೂ ನೋಯುತ್ತದಾ ಅತ್ತೆ? ಅವರು ಯಾಕೆ ಹೇಳಲಿಲ್ಲ? ನೀವಾದರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನುಡಿಸುದು ಬೇಡ ಅಂತಿದ್ರಿ ನೀವೆಲ್ಲ. ಅದಕ್ಕೆ ಅವ ನಂಗೂ ಹೇಳಿಲ್ಲೆ. ನಂಗೆ ಗೊತ್ತುಟ್ಟು ಅಂತ ನಾನೂ ಅವಂಗೆ ಹೇಳಿಲ್ಲೆ."

ನನಗೆ ತಡೆಯಲಾಗದೆ ಅಳು ಬಂತು. ಹೊಗೆ ಎಂದು ಹೇಳೋಣವೆಂದರೆ ಒಲೆ ನಿಗಿನಿಗಿ ಉರಿಯುತ್ತಿತ್ತು. ಅಷ್ಟರಲ್ಲಿ ಜಗಲಿಯಿಂದ ಭಾವ ಕೂಗಿದರು, "ಅವ್ವಾ, ಹೊಸ ಹಾಡು ಕಲಿಯಕ್ಕುಟ್ಟು, ಒಂಚೂರು ಬಾ!" ಅತ್ತೆ ಅರ್ಧ ಕುಡಿದ ಕಾಫಿಯನ್ನು ಒಲೆಯ ಕಟ್ಟೆಯ ಮೇಲಿಟ್ಟು, ಮುಕ್ಕಾಲಿ ಎತ್ತಿಕೊಂಡು ಎದ್ದು ಹೋದರು.